ಅಂಶವಿತ್ತು, ಛೇದವಿರಲಿಲ್ಲ: ಕಾಲ್ಚೆಂಡಾಟವನ್ನು ಎಣಿಸಿದ ಲೆಕ್ಕಿಗನ ಕತೆ

2022ರ ಡಿಸೆಂಬರ್ 18ರ ರಾತ್ರಿ ನಮ್ಮೂರಿನ ವಾಚನಾಲಯದ ಅಂಗಳದಲ್ಲಿ ಬಿಳಿ ಪರದೆ ಕಟ್ಟಿ ವಿಶ್ವಕಪ್ ಕಾಲ್ಚೆಂಡಾಟದ ಅಂತಿಮ ಪಂದ್ಯವನ್ನು ತೋರಿಸಿದ್ದರು. ಆ ವರ್ಷ ಕಲ್ಲಿಕೋಟೆಯ ಕಡೆ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಮೂವರ ಭಾರೀ ಕಟೌಟುಗಳು ಎದ್ದುನಿಂತು ಲೋಕಕ್ಕೆಲ್ಲ ಸುದ್ದಿಯಾಗಿದ್ದವು. ನಮ್ಮದು ಅಷ್ಟು ದೊಡ್ಡ ಸಂಭ್ರಮವಲ್ಲ. ಆದರೂ ತೋಟದ ಕೆಲಸ ಮುಗಿಸಿ ಬಂದವರು, ಅಂಗಡಿಯ ಹಲಗೆ ಮುಚ್ಚಿ ಬಂದವರು, ರೆಫ್ರಿಯನ್ನು ಕನ್ನಡ, ಮಲಯಾಳ, ತುಳು ಮೂರರಲ್ಲೂ ಬೈಯಬಲ್ಲವರು ಎಲ್ಲರೂ ಅಲ್ಲಿದ್ದರು. ಅರ್ಜೆಂಟೀನಾ ಮತ್ತು ಫ್ರಾನ್ಸ್ 3-3ರಲ್ಲಿ ಸಮವಾಗಿದ್ದಾಗ, ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ, ಫ್ರಾನ್ಸಿನ ಕೊಲೊ ಮುವಾನಿ ಗೋಲಿಯೊಬ್ಬನೇ ಎದುರಿಗಿರುವಾಗ ಹೊಡೆದ ಚೆಂಡು ಮಾರ್ಟಿನೆಜ್ ಚಾಚಿದ ಕಾಲಿಗೆ ತಾಗಿ ಗೋಲಾಗದೆ ಹೋಯಿತು. ಆಮೇಲೆ ಪೆನಾಲ್ಟಿ ಹೊಡೆತಗಳಲ್ಲಿ ಅರ್ಜೆಂಟೀನಾ ಗೆದ್ದದ್ದು ಎಲ್ಲರಿಗೂ ಗೊತ್ತು.

ಜನ ಕರಗಿದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ, ಹತ್ತನೆಯ ತರಗತಿಯ ಹುಡುಗ, ಮೊಬೈಲನ್ನು ನನ್ನ ಕನ್ನಡಕದ ಎದುರು ಹಿಡಿದು ಕೇಳಿದ: "ಮಾಸ್ಟ್ರೇ, ಗೋಲಿನ ಲೆಕ್ಕದ ಕೆಳಗೆ ಎಕ್ಸ್‌ಜಿ ಅಂತ ಬರೆದು ದಶಾಂಶದಲ್ಲಿ ಹಾಕಿದ್ದಾರಲ್ಲ, ಅದೆಂತದ್ದು? ಅರ್ಧ ಗೋಲು, ಕಾಲು ಗೋಲು ಅಂತ ಉಂಟಾ?"

ಗಣಿತ ಕಲಿಸಿಯೇ ತಲೆಗೂದಲು ಬೆಳ್ಳಗಾದ ನನಗೆ ಉತ್ತರ ಗೊತ್ತಿಲ್ಲದೆ ಇರಲಿಲ್ಲ. ಆ ಹೊತ್ತಿನಲ್ಲಿ ಎರಡು ಮಾತು ಹೇಳಿ ಕಳುಹಿಸಿದೆ. ಮನೆಗೆ ಬಂದು ಮಲಗಿದ ಮೇಲೆ ಆ ಉತ್ತರ ಸಾಲದು ಅನಿಸಿತು. ಯಾಕೆಂದರೆ ಆ ದಶಾಂಶದ ಹಿಂದೆ ಒಬ್ಬ ಲೆಕ್ಕಿಗನ ಎಪ್ಪತ್ತು ವರ್ಷಗಳ ಹಿಂದಿನ ಕತೆಯುಂಟು. ಆ ಲೆಕ್ಕಿಗ ಮಾಡಿದ ತಪ್ಪನ್ನೇ ನಾನೂ ಒಮ್ಮೆ ಮಾಡಿದ್ದುಂಟು. ಅದೇ ತಪ್ಪು ಲೆಕ್ಕವನ್ನು ನಮ್ಮ ಮಕ್ಕಳ ತಲೆಯ ಮೇಲೆ ಬೇರೆಯವರು ಮಾಡುವುದನ್ನೂ ಕಂಡಿದ್ದೇನೆ. ಹುಡುಗನಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಆ ಲೆಕ್ಕಿಗನ ಹೆಸರು ಚಾರ್ಲ್ಸ್ ರೀಪ್. 1904ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಹುಟ್ಟಿದವನು. ಲೆಕ್ಕಪತ್ರದ ವಿದ್ಯೆ ಕಲಿತು ಬ್ರಿಟಿಷ್ ವಾಯುಪಡೆಯ ಲೆಕ್ಕದ ವಿಭಾಗ ಸೇರಿ ವಿಂಗ್ ಕಮಾಂಡರ್ ಪದವಿಯವರೆಗೆ ಏರಿದ. ಆಟಗಾರನೆಂದು ಹೆಸರು ಮಾಡಿದವನಲ್ಲ, ಆಟದ ಹುಚ್ಚಿನವನು. 1933ರಲ್ಲಿ ಲಂಡನ್ನಿನ ಆರ್ಸೆನಲ್ ತಂಡದ ಆಟಗಾರ ಚಾರ್ಲ್ಸ್ ಜೋನ್ಸ್ ವಾಯುಪಡೆಯವರ ಮುಂದೆ ಉಪನ್ಯಾಸ ಕೊಟ್ಟ. ಚೆಂಡನ್ನು ಹಿಂದೆ ಮುಂದೆ ಆಡಿಸುತ್ತ ಕೂರದೆ ಬದಿಯ ಫಾರ್ವರ್ಡುಗಳ ಮೂಲಕ ಬೇಗ ಬೇಗ ಎದುರಾಳಿಯ ಗೋಲಿನತ್ತ ಸಾಗಿಸುವುದೇ ಆರ್ಸೆನಲ್ಲಿನ ಬಲ ಎಂಬುದು ಅದರ ಸಾರ. ಆ ಕಾಲದಲ್ಲಿ ಆರ್ಸೆನಲ್ಲನ್ನು ಸೋಲಿಸುವವರು ಕಡಿಮೆ. ಇಪ್ಪತ್ತೊಂಬತ್ತರ ಹರೆಯದ ರೀಪನ ಮನಸ್ಸಿನಲ್ಲಿ ಆ ಮಾತು ಕಲ್ಲಿನ ಮೇಲೆ ಬರೆದ ಹಾಗೆ ನಿಂತಿತು. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎಣಿಸಲು ಕುಳಿತದ್ದಕ್ಕೂ ಹದಿನೇಳು ವರ್ಷ ಮೊದಲೇ ಉತ್ತರ ಅವನ ಕಿಸೆಯಲ್ಲಿತ್ತು.

ಎಣಿಕೆ ಆರಂಭವಾದದ್ದು 1950ರ ಮಾರ್ಚ್ 18ರಂದು. ಸ್ವಿಂಡನ್ ಟೌನ್ ಮತ್ತು ಬ್ರಿಸ್ಟಲ್ ರೋವರ್ಸ್ ತಂಡಗಳ ನಡುವಿನ ಮೂರನೆಯ ದರ್ಜೆಯ ಲೀಗಿನ ಒಂದು ಸಾಧಾರಣ ಪಂದ್ಯ. ಮೊದಲರ್ಧದಲ್ಲಿ ಸ್ವಿಂಡನ್ ಮತ್ತೆ ಮತ್ತೆ ದಾಳಿಗೆ ಹೊರಟು ಮತ್ತೆ ಮತ್ತೆ ಚೆಂಡು ಕಳೆದುಕೊಂಡಿತು. ನೋಡುತ್ತಿದ್ದ ರೀಪನಿಗೆ ತಾಳ್ಮೆ ಕೆಟ್ಟಿತು. ಎರಡನೆಯ ಅರ್ಧಕ್ಕೆ ಆಟಗಾರರು ಇಳಿದಾಗ, ಗಂಟೆ ನಾಲ್ಕಾಗಲು ಹತ್ತು ನಿಮಿಷವಿತ್ತಂತೆ, ಅವನು ಕಿಸೆಯಿಂದ ಪುಸ್ತಕ ಪೆನ್ಸಿಲು ತೆಗೆದು ಸ್ವಿಂಡನ್ನಿನ ಒಂದೊಂದು ದಾಳಿಯನ್ನೂ ಗುರುತು ಹಾಕತೊಡಗಿದ. ಆ ಅರ್ಧದಲ್ಲೇ 147 ದಾಳಿ. ಒಂದು ಪೂರ್ತಿ ಪಂದ್ಯಕ್ಕೆ ಒಂದು ತಂಡದ ದಾಳಿ ಸುಮಾರು 280, ಗೋಲು ಎರಡು ಎಂದು ಇಟ್ಟುಕೊಂಡರೆ ನೂರ ನಲವತ್ತು ದಾಳಿಗೊಂದು ಗೋಲಾಯಿತು. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ದಾಳಿ ವ್ಯರ್ಥ! ಜಮಾ-ಖರ್ಚು ನೋಡಿ ಬೆಳೆದ ಮನುಷ್ಯನಿಗೆ ಇದನ್ನು ಸಹಿಸಿಕೊಳ್ಳಲು ಆಗಲಿಲ್ಲ. ಇಷ್ಟು ನಷ್ಟದ ವ್ಯವಹಾರದಲ್ಲಿ ಅಲ್ಪ ಸ್ವಲ್ಪ ಸರಿಪಡಿಸಿದರೂ ಪಂದ್ಯಕ್ಕೊಂದು ಗೋಲು ಹೆಚ್ಚು ಸಿಗಬೇಕಲ್ಲ ಎಂದು ಅವನ ಲೆಕ್ಕ.

ಅಲ್ಲಿಂದ ಮುಂದೆ ಅವನು ನಿಲ್ಲಿಸಲೇ ಇಲ್ಲ. ತನ್ನದೇ ಒಂದು ಶೀಘ್ರಲಿಪಿಯನ್ನು ಕಟ್ಟಿಕೊಂಡ. ಚೆಂಡು ಮೈದಾನದ ಯಾವ ಭಾಗದಿಂದ ಹೊರಟಿತು, ಎಷ್ಟು ದೂರ, ಯಾವ ದಿಕ್ಕಿಗೆ, ನೆಲದಲ್ಲೋ ಗಾಳಿಯಲ್ಲೋ, ಸೇರಬೇಕಾದವನಿಗೆ ಸೇರಿತೋ ಇಲ್ಲವೋ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಸಂಜೆಯ ಪಂದ್ಯಗಳಲ್ಲಿ ಬರೆಯಲು ಬೆಳಕು ಸಾಲದೆಂದು ಗಣಿ ಕಾರ್ಮಿಕರ ದೀಪದ ಟೊಪ್ಪಿ ಹಾಕಿಕೊಂಡು ಕೂರುತ್ತಿದ್ದನೆಂದು ಹೇಳುತ್ತಾರೆ. 1958ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಸ್ವೀಡನ್ನನ್ನು 5-2ರಿಂದ ಸೋಲಿಸಿತಲ್ಲ, ಆ ಒಂದೇ ಪಂದ್ಯವನ್ನು ಗೋಡೆಗೆ ಅಂಟಿಸುವ ಕಾಗದದ ಸುರುಳಿಯ ಮೇಲೆ ಬಿಡಿಸಿ ಮೂರು ತಿಂಗಳು ಅದರ ಹಿಂದೆ ಬಿದ್ದಿದ್ದ. ಜೀವಮಾನದಲ್ಲಿ ಅವನು ಹೀಗೆ ಬರೆದಿಟ್ಟ ಪಂದ್ಯಗಳು 2,000ಕ್ಕೂ ಹೆಚ್ಚು. ಕಂಪ್ಯೂಟರಿಲ್ಲ, ವಿಡಿಯೋ ಇಲ್ಲ. ಇಂಥವರನ್ನು ನಾವು ಊರಿನಲ್ಲಿ ಹುಚ್ಚರೆಂದು ನಗುತ್ತೇವೆ.

1951ರಲ್ಲಿ ಬ್ರೆಂಟ್‌ಫರ್ಡ್ ತಂಡ ಎರಡನೆಯ ದರ್ಜೆಯಿಂದ ಕೆಳಗೆ ಜಾರುವ ಭಯದಲ್ಲಿತ್ತು. ಅದು ರೀಪನ ಸಲಹೆ ಪಡೆದು ಉಳಿದುಕೊಂಡಿತು. ಆಮೇಲೆ ಅವನಿಗೆ ವುಲ್ವರ್‌ಹ್ಯಾಂಪ್ಟನ್ ಸಮೀಪ ವರ್ಗವಾಯಿತು. ಅಲ್ಲಿನ ವುಲ್ವ್ಸ್ ತಂಡದ ಮ್ಯಾನೇಜರ್ ಸ್ಟಾನ್ ಕಲ್ಲಿಸ್‌ಗೂ ರೀಪನಿಗೂ ಚೆನ್ನಾಗಿ ಹೊಂದಿತು. ಅದು ಇಂಗ್ಲೆಂಡಿನ ಕಾಲ್ಚೆಂಡಾಟಕ್ಕೆ ಮುಖಭಂಗವಾಗಿದ್ದ ಕಾಲ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ 6-3ರಿಂದ ಇಂಗ್ಲೆಂಡನ್ನು ಬಡಿದು ಹೋಗಿತ್ತು. ಹಂಗೇರಿಯವರಂತೆ ಚಿಕ್ಕ ಚಿಕ್ಕ ಪಾಸುಗಳಲ್ಲಿ ಆಡಬೇಕು ಎಂಬುದು ಕೆಲವರ ಮಾತು. ಅಗತ್ಯವಿಲ್ಲ, ಚೆಂಡನ್ನು ಬೇಗ ಮುಂದಕ್ಕೆ ಕಳುಹಿಸಿದರೆ ಸಾಕು ಎಂಬುದು ಕಲ್ಲಿಸ್ ಮತ್ತು ರೀಪನ ಮಾತು. 1954ರ ಡಿಸೆಂಬರಿನಲ್ಲಿ ಪುಷ್ಕಾಶ್ ಇದ್ದ ಹಂಗೇರಿಯ ಹೋನ್‌ವೆಡ್ ತಂಡ ವುಲ್ವ್ಸ್ ಎದುರು ಆಡಲು ಬಂತು. ಮಳೆ ಬಂದಿದ್ದರೂ ಕಲ್ಲಿಸ್ ಮೈದಾನಕ್ಕೆ ಇನ್ನಷ್ಟು ನೀರು ಹಾಯಿಸಿದ. ಎರಡು ಗೋಲು ಹಿಂದೆ ಬಿದ್ದಿದ್ದ ವುಲ್ವ್ಸ್ ಕೆಸರಿನಲ್ಲಿ ಎತ್ತಿ ಹೊಡೆದು 3-2ರಿಂದ ಗೆದ್ದಿತು. ಆ ಗೆಲುವಿನಲ್ಲಿ ಲೆಕ್ಕದ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಯಾರೂ ವಿಂಗಡಿಸಲಿಲ್ಲ. ವುಲ್ವ್ಸ್ 1950ರ ದಶಕದಲ್ಲಿ ಮೂರು ಸಲ ಲೀಗ್ ಗೆದ್ದದ್ದಂತೂ ನಿಜ. 1955ರಲ್ಲಿ ವಾಯುಪಡೆಯಿಂದ ನಿವೃತ್ತನಾದ ರೀಪನನ್ನು ಶೆಫೀಲ್ಡ್ ವೆಡ್ನೆಸ್‌ಡೇ ತಂಡ ಸಂಬಳ ಕೊಟ್ಟು ಇಟ್ಟುಕೊಂಡಿತು. ಮರುವರ್ಷ ತಂಡ ಮೇಲಿನ ದರ್ಜೆಗೆ ಏರಿತು, 1958ರಲ್ಲಿ ಪುನಃ ಕೆಳಗಿಳಿಯಿತು. ಅಲ್ಲಿಗೆ ಆ ಕೆಲಸವೂ ಮುಗಿಯಿತು.

ಹತ್ತು ವರ್ಷ ಕಳೆದು, 1968ರಲ್ಲಿ, ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನ ಜೊತೆ ಸೇರಿ ರೀಪ್ ಒಂದು ಪ್ರಬಂಧ ಪ್ರಕಟಿಸಿದ. ಕಾಲ್ಚೆಂಡಾಟದಲ್ಲಿ ಕೌಶಲ್ಯ ಮತ್ತು ಆಕಸ್ಮಿಕ ಎಂಬುದು ಅದರ ವಿಷಯ. ಪ್ರಕಟಿಸಿದ್ದು ಸಾಧಾರಣ ಆಟದ ಪತ್ರಿಕೆಯಲ್ಲ, ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆ. ಹದಿನೈದು ವರ್ಷಗಳ ಅವಧಿಯ 578 ಪಂದ್ಯಗಳ ದಾಖಲೆ ಅದರಲ್ಲಿತ್ತು. ಕಾಲ್ಚೆಂಡಾಟದ ಎಲ್ಲ ಗಂಭೀರ ಅಂಕಿಅಂಶಕ್ಕೆ ಇದೇ ಅಜ್ಜ. ಅದರ ಮುಖ್ಯ ಸಂಗತಿಗಳು ಇಷ್ಟು. ಒಂದು ತಂಡದವರಿಂದ ತಂಡದವರಿಗೆ ಚೆಂಡು ಸಾಗುವ ಸರಣಿಗಳಲ್ಲಿ ನೂರಕ್ಕೆ 91.5 ಮೂರು ಪಾಸಿನೊಳಗೇ ಮುಗಿದುಹೋಗುತ್ತವೆ. ಗೋಲುಗಳಲ್ಲಿ ನೂರಕ್ಕೆ ಸುಮಾರು 80 ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನ ಸರಣಿಯಿಂದಲೇ ಹುಟ್ಟುತ್ತವೆ. ಗೋಲಿನತ್ತ ಸುಮಾರು ಹತ್ತು ಹೊಡೆತ ಹೊಡೆದರೆ ಒಂದು ಗೋಲು. ಹೆಚ್ಚುಕಡಿಮೆ ಅರ್ಧದಷ್ಟು ಗೋಲುಗಳಿಗೆ ಮೂಲ, ಎದುರಾಳಿಯ ಗೋಲಿನ ಹತ್ತಿರದಲ್ಲೇ ಕಿತ್ತುಕೊಂಡ ಚೆಂಡು.

ಈ ಎರಡನೆಯ ಸಂಗತಿಯನ್ನು ಓದಿದವರು ಯಾರಾದರೂ ಏನು ಹೇಳುತ್ತಾರೆ? ಹತ್ತರಲ್ಲಿ ಎಂಟು ಗೋಲು ಕಡಿಮೆ ಪಾಸಿನಿಂದ ಬರುವುದಾದರೆ ಹೆಚ್ಚು ಪಾಸು ಮಾಡುವುದು ದಂಡ, ಎತ್ತಿ ಹೊಡೆ! ರೀಪ್ ಹೇಳಿದ್ದೂ ಅದನ್ನೇ.

ಇಲ್ಲಿ ನನ್ನ ಕತೆಯನ್ನು ಸ್ವಲ್ಪ ಸೇರಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಸುಗ್ಗಿಯ ಕೊಯ್ಲು ಮುಗಿದ ಗದ್ದೆಯಲ್ಲಿ ಏಳೇಳು ಮಂದಿಯ ಸೆವೆನ್ಸ್ ಪಂದ್ಯಾಟ ನಡೆಯುತ್ತಿತ್ತು. ಅಡಿಕೆ ಮರದ ಗ್ಯಾಲರಿ, ಮೈಕಿನಲ್ಲಿ ಮಲಯಾಳದ ವೀಕ್ಷಕ ವಿವರಣೆ, ನಡುನಡುವೆ ಕಾಣೆಯಾದ ಮಕ್ಕಳ ಬಗ್ಗೆ ಕನ್ನಡದಲ್ಲಿ ಪ್ರಕಟಣೆ. ಆಡಲು ಬಾರದ ನನ್ನನ್ನು ನಮ್ಮ ತಂಡದವರು ಬರವಣಿಗೆಗೆ ಕೂರಿಸಿದ್ದರು. ರೀಪನ ಹೆಸರನ್ನೂ ಕೇಳದಿದ್ದ ನಾನು ಎರಡು ಸೀಸನ್ ಕುಳಿತು ಪ್ರತಿಯೊಂದು ಗೋಲು ಹೇಗೆ ಬಂತೆಂದು ಇನ್ನೂರು ಪುಟದ ಪುಸ್ತಕದಲ್ಲಿ ಬರೆದೆ. ಹೆಚ್ಚಿನವು ಹಿಂದಿನಿಂದ ಎತ್ತಿ ಹೊಡೆದು, ಒಬ್ಬರ ತಲೆಗೋ ಕಾಲಿಗೋ ತಾಗಿ ಬಂದ ಗೋಲುಗಳು. ಸರಿ, ಗಣಿತದ ಮಾಸ್ಟ್ರ ಅಪ್ಪಣೆಯಾಯಿತು: ಇನ್ನು ಮೇಲೆ ನಡುವಿನಲ್ಲಿ ಆಡಿಸಬೇಡಿ, ಎತ್ತಿ ಹೊಡೆಯಿರಿ. ಹೊಡೆದರು. ಸತತ ನಾಲ್ಕು ಪಂದ್ಯ ಸೋತೆವು.

ತಂಡದ ಹಾಫ್‌ಬ್ಯಾಕ್ ಬೀಡಿ ಕಟ್ಟುವ ಕೆಲಸದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಏಟ್ಟ ಎಂದೇ ಕರೆಯುತ್ತಿದ್ದೆ. ನಾಲ್ಕನೆಯ ಸೋಲಿನ ಸಂಜೆ ಗದ್ದೆಯ ಹುಣಿಯಲ್ಲಿ ಕೂತು ಅವರು ನನ್ನ ಪುಸ್ತಕವನ್ನು ಮಗುಚಿ ಮಗುಚಿ ನೋಡಿದರು. ಕನ್ನಡ ಓದಲು ಬಾರದಿದ್ದರೂ ನಾನು ಬಿಡಿಸಿದ ಗೆರೆ ಬಾಣಗಳು ಅವರಿಗೆ ತಿಳಿಯುತ್ತಿದ್ದವು. ಅವರು ಮಲಯಾಳದಲ್ಲಿ ಕೇಳಿದ್ದು ಇಷ್ಟೇ: "ಮಾಷೇ, ಗೋಲಾದದ್ದನ್ನು ಬರೆದಿದ್ದೀರಿ. ಎತ್ತಿ ಹೊಡೆದು ಕಳೆದುಕೊಂಡದ್ದನ್ನು ಎಲ್ಲಿ ಬರೆದಿದ್ದೀರಿ?"

ಎಲ್ಲಿಯೂ ಬರೆದಿರಲಿಲ್ಲ. ಮಕ್ಕಳಿಗೆ ದಿನಬೆಳಗಾದರೆ ಭಿನ್ನರಾಶಿ ಕಲಿಸುವವನು, ಮೇಲೆ ಇರುವುದು ಅಂಶ, ಕೆಳಗೆ ಇರುವುದು ಛೇದ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವವನು, ಎರಡು ವರ್ಷ ಬರೀ ಅಂಶವನ್ನು ಬರೆದು ಛೇದವನ್ನು ಮರೆತಿದ್ದೆ. (ಸ್ಟ್ಯಾಟಿಸ್ಟಿಕ್ಸಿಗೆ ನಮ್ಮ ಭಾಷೆಯಲ್ಲಿ ಅಂಕಿಅಂಶ ಎನ್ನುತ್ತೇವಷ್ಟೆ. ಆ ಹೆಸರಿನಲ್ಲೇ ಛೇದಕ್ಕೆ ಜಾಗವಿಲ್ಲ ಎಂದು ಆಮೇಲೆ ಎಷ್ಟೋ ಸಲ ನಕ್ಕಿದ್ದೇನೆ.)

ಹಲವು ವರ್ಷಗಳ ಬಳಿಕ ರೀಪನ ಬಗ್ಗೆ ಓದಿದಾಗ ನನಗೆ ಅವನ ಗುರುತು ಥಟ್ಟನೆ ಸಿಕ್ಕಿತು. ಆದರೆ ಅವನದು ನನಗಿಂತ ವಿಚಿತ್ರವಾದ ಸ್ಥಿತಿ. ನಾನು ಛೇದವನ್ನು ಬರೆದೇ ಇರಲಿಲ್ಲ. ಅವನು ಬರೆದಿದ್ದ, ಭಾಗಿಸಲಿಲ್ಲ. ಅವನದೇ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. ಸಾವಿರ ಸರಣಿಗಳಲ್ಲಿ 915 ಗಿಡ್ಡವು, 85 ಉದ್ದವು. ನೂರು ಗೋಲಿನಲ್ಲಿ ಗಿಡ್ಡ ಸರಣಿಗಳ ಪಾಲು 80, ಉದ್ದದ್ದರ ಪಾಲು 20. ಎಂಬತ್ತನ್ನು 915ರಿಂದ ಭಾಗಿಸಿದರೆ 0.087, ಇಪ್ಪತ್ತನ್ನು 85ರಿಂದ ಭಾಗಿಸಿದರೆ 0.235. ಇದು ಗೋಲಿನ ದರವಲ್ಲ, ಬರೀ ಹೋಲಿಕೆಗೆ. ಆದರೆ ಹೋಲಿಕೆ ಏನು ಹೇಳುತ್ತದೆ? ಉದ್ದ ಸರಣಿಯೊಂದಕ್ಕೆ ಗೋಲಾಗುವ ಸಂಭವ ಗಿಡ್ಡದ್ದಕ್ಕಿಂತ ಎರಡೂವರೆ ಪಾಲಿಗೂ ಮಿಕ್ಕಿ. ಗಿಡ್ಡ ಸರಣಿಗಳಿಂದ ಹೆಚ್ಚು ಗೋಲು ಬಂದದ್ದು ಅವು ಒಳ್ಳೆಯವೆಂದಲ್ಲ, ಅವು ಎಣಿಕೆಯಲ್ಲಿ ಬಹಳ ಇದ್ದವೆಂದು. ಇಂಗ್ಲೆಂಡಿನ ಲೇಖಕ ಜೊನಾಥನ್ ವಿಲ್ಸನ್ 2008ರಲ್ಲಿ ತನ್ನ ಪುಸ್ತಕದಲ್ಲಿ ಈ ಎಡವಟ್ಟನ್ನು ಎತ್ತಿ ತೋರಿಸಿದ. ಅದಕ್ಕೂ ಮುಂಚೆ 2005ರಲ್ಲಿ ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಎಂಬ ಸಂಶೋಧಕರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ತೆಗೆದುಕೊಂಡು, ಸಾವಿರ ಸರಣಿಗಳಿಗೆ ಗೋಲೆಷ್ಟು ಎಂದು ಭಾಗಿಸಿ ನೋಡಿದ್ದರು. ಉದ್ದ ಸರಣಿಗಳೇ ಹೆಚ್ಚು ಫಲ ಕೊಟ್ಟಿದ್ದವು.

ಇದು ಆಟದ ಮಾತು, ನಮಗೇನು ಎಂದು ಕೇಳುವವರಿಗಾಗಿ ಇನ್ನೊಂದು ಅನುಭವ ಹೇಳುತ್ತೇನೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಜೂನ್ ತಿಂಗಳ ಆರನೆಯ ಕೆಲಸದ ದಿನ ಎಂದರೆ ಹೊಟ್ಟೆಯಲ್ಲಿ ತಳಮಳ. ಅಂದಿನ ತಲೆಯೆಣಿಕೆಯ ಮೇಲೆ ಡಿವಿಷನ್ ಉಳಿಯುವುದು, ಡಿವಿಷನ್ನಿನ ಮೇಲೆ ಮಾಸ್ಟ್ರ ಹುದ್ದೆ ಉಳಿಯುವುದು. ಮಕ್ಕಳ ಸಂಖ್ಯೆ ಇಳಿದರೆ ಅದಕ್ಕೆ ಡಿವಿಷನ್ ಫಾಲ್ ಎಂದು ಹೆಸರು, ಆ ಎರಡು ಶಬ್ದ ಗೊತ್ತಿಲ್ಲದ ಕನ್ನಡ ಮನೆ ನಮ್ಮಲ್ಲಿ ಕಡಿಮೆ. ಒಂದು ವರ್ಷ, ನಾನಿದ್ದ ಶಾಲೆಯೊಂದರಲ್ಲಿ (ಹೆಸರು ಬೇಡ), ರಕ್ಷಕರ ಸಭೆ ಸೇರಿತ್ತು. ಹತ್ತನೆಯಲ್ಲಿ ಕನ್ನಡದ್ದು ಒಂದು ಡಿವಿಷನ್, ಮಲಯಾಳದ್ದು ಮೂರು. ವೇದಿಕೆಯಲ್ಲಿದ್ದ ಒಬ್ಬರು ಕಾಗದ ನೋಡಿ ಓದಿದರು: ಆ ವರ್ಷ ಉತ್ತಮ ದರ್ಜೆ ಪಡೆದವರಲ್ಲಿ ಮುಕ್ಕಾಲು ಪಾಲಿಗೆ ತುಸು ಕಡಿಮೆ ಮಕ್ಕಳು ಮಲಯಾಳ ವಿಭಾಗದವರು, ಆದುದರಿಂದ ರಕ್ಷಕರು ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ಆಲೋಚಿಸುವುದು ಒಳ್ಳೆಯದು. ಕನ್ನಡ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು.

ನನಗೆ ಏಟ್ಟನ ಮಾತು ನೆನಪಾಯಿತು. ಎದ್ದು ಹೋಗಿ ಬೋರ್ಡಿನಲ್ಲಿ ಗೆರೆ ಎಳೆದೆ. ಮೇಲೆ ದರ್ಜೆ ಪಡೆದವರು, ಕೆಳಗೆ ಪರೀಕ್ಷೆಗೆ ಕೂತವರು. ಮಕ್ಕಳಲ್ಲಿ ಮುಕ್ಕಾಲು ಪಾಲು ಆ ವಿಭಾಗದಲ್ಲೇ ಇರುವಾಗ ದರ್ಜೆಯಲ್ಲಿ ಮುಕ್ಕಾಲು ಪಾಲಿಗೆ ಕಡಿಮೆ ಬಂತೆಂದರೆ ಯಾರು ಒಂದು ಕೂದಲೆಳೆಯಷ್ಟು ಮುಂದೆ? ಸಭೆಯಲ್ಲಿ ಮೊದಲು ತಲೆಯಾಡಿಸಿದವರು ಮಲಯಾಳ ವಿಭಾಗದ ಗಣಿತದ ಟೀಚರ್. ಇದನ್ನು ಈ ದ್ವಿಭಾಷಾ ಸಂಚಿಕೆಯಲ್ಲಿ ಬರೆಯದಿದ್ದರೆ ತಪ್ಪಾದೀತು. ಆ ವರ್ಷ ಡಿವಿಷನ್ ಉಳಿಯಿತು. ನಾಲ್ಕು ವರ್ಷ ಕಳೆದು ಮಕ್ಕಳೇ ಸಾಲದೆ ಹೋಯಿತು. ಭಾಗಾಕಾರದಿಂದ ಮಕ್ಕಳು ಹುಟ್ಟುವುದಿಲ್ಲ.

ರೀಪನ ಕಡೆಗೆ ತಿರುಗುತ್ತೇನೆ. ಅವನ ಲೆಕ್ಕದ ಫಲ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಕಾಣಿಸಿಕೊಂಡಿತು. ಗ್ರಹಾಂ ಟೇಲರ್ ಎಂಬ ತರಬೇತುದಾರ ವಾಟ್‌ಫರ್ಡ್ ಎಂಬ ಸಣ್ಣ ತಂಡವನ್ನು ಎತ್ತಿ ಹೊಡೆಯುವ ಆಟದಿಂದಲೇ ಮೇಲೆ ತಂದು 1983ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಎರಡನೆಯ ಸ್ಥಾನದವರೆಗೆ ಮುಟ್ಟಿಸಿದ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ತರಬೇತಿ ನಿರ್ದೇಶಕ ಚಾರ್ಲ್ಸ್ ಹ್ಯೂಸ್ 1990ರಲ್ಲಿ ಬರೆದ ಪುಸ್ತಕದಲ್ಲಿ 109 ಪಂದ್ಯಗಳ 202 ಗೋಲುಗಳನ್ನು ಎಣಿಸಿ, ನೂರಕ್ಕೆ 87 ಗೋಲು ಐದು ಅಥವಾ ಕಡಿಮೆ ಪಾಸಿನಿಂದ ಬಂದವು ಎಂದ. ಪುನಃ ಅಂಶ, ಪುನಃ ಛೇದವಿಲ್ಲ! ಒಂದು ದೇಶದ ತರಬೇತುದಾರರೆಲ್ಲ ಕಲಿಯುವ ಪಾಠದಲ್ಲಿ ಅದು ಸೇರಿತು. ಟೇಲರ್ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿದ್ದಾಗ 1994ರ ವಿಶ್ವಕಪ್ಪಿಗೆ ಆ ದೇಶ ಅರ್ಹತೆಯನ್ನೇ ಗಳಿಸಲಿಲ್ಲ.

ತಮಾಷೆಯೆಂದರೆ, ಆ ಅರ್ಹತಾ ಸುತ್ತಿನಲ್ಲಿ 1993ರ ಜೂನ್ 2ರಂದು ಓಸ್ಲೋದಲ್ಲಿ ಇಂಗ್ಲೆಂಡನ್ನು 2-0 ಸೋಲಿಸಿದ ನಾರ್ವೆಯ ತರಬೇತುದಾರ ಎಗಿಲ್ ಓಲ್ಸೆನ್ ಕೂಡ ರೀಪನ ಅಭಿಮಾನಿ. ಓಲ್ಸೆನ್ ನಾರ್ವೆಯ ಕ್ರೀಡಾ ವಿದ್ಯಾಲಯದ ಅಧ್ಯಾಪಕ, ಕಾಲಿಗೆ ರಬ್ಬರ್ ಬೂಟು. ಇವನು ರೀಪನ ಮಾತನ್ನು ಹಾಗೆಯೇ ನುಂಗಲಿಲ್ಲ, ತಾನೂ ಎಣಿಸಿದ. ಎದುರಾಳಿಯ ರಕ್ಷಣೆ ಚದುರಿರುವಾಗ ಬೇಗ ಮುಂದೆ ಹೋದರೆ ಫಲ ಹೆಚ್ಚು, ರಕ್ಷಣೆ ಸರಿಯಾಗಿ ನಿಂತಿರುವಾಗ ಅಲ್ಲ ಎಂಬ ಭೇದ ಕಂಡುಕೊಂಡ. ಎತ್ತರದ ಯೋಸ್ಟೈನ್ ಫ್ಲೋ ಎಂಬವನನ್ನು ಬದಿಯಲ್ಲಿ ನಿಲ್ಲಿಸಿ, ಕುಳ್ಳ ಬ್ಯಾಕಿನ ತಲೆಯ ಮೇಲಿಂದ ಅವನಿಗೆ ಚೆಂಡು ಕಳುಹಿಸುವ ಉಪಾಯ ಮಾಡಿದ. ಐವತ್ತಾರು ವರ್ಷ ವಿಶ್ವಕಪ್ಪಿನ ಮುಖ ಕಾಣದಿದ್ದ ಸಣ್ಣ ದೇಶ 1994ರಲ್ಲಿ ಅಲ್ಲಿಗೆ ಹೋಯಿತು, 1998ರ ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನೇ 2-1ರಿಂದ ಸೋಲಿಸಿತು. ಹಾಗಾಗಿ ರೀಪನನ್ನು ಬರೀ ತಪ್ಪು ಲೆಕ್ಕದವನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎದುರಾಳಿಯ ಗೋಲಿನ ಬಳಿಯಲ್ಲೇ ಚೆಂಡು ಕಿತ್ತುಕೊಳ್ಳುವುದಕ್ಕೆ ಬೆಲೆಯುಂಟು ಎಂಬ ಅವನ ಮಾತನ್ನು ಇಂದಿನ ದೊಡ್ಡ ದೊಡ್ಡ ತಂಡಗಳು ತಮ್ಮ ಮುಖ್ಯ ತಂತ್ರವಾಗಿ ಮಾಡಿಕೊಂಡಿವೆ. ಹ್ಯೂಸ್ ಮತ್ತು ಫ್ರಾಂಕ್ಸರ ಲೆಕ್ಕದಲ್ಲೂ, ಹೊಡೆತವೆಂಬುದು ಆದ ಮೇಲೆ ಅದು ಗೋಲಾಗುವ ಪ್ರಮಾಣ ನೇರ ಆಟದಲ್ಲೇ ಹೆಚ್ಚಿತ್ತು. ಇನ್ನು ಉದ್ದ ಸರಣಿಯ ಪರವಾದ ಲೆಕ್ಕಕ್ಕೂ ಒಂದು ಸಂಶಯ ಉಂಟು. ಪಾಸು ಮಾಡಿದ್ದರಿಂದ ತಂಡ ಒಳ್ಳೆಯದಾಯಿತೋ, ಒಳ್ಳೆಯ ತಂಡವಾದ್ದರಿಂದ ಪಾಸು ಮಾಡಲು ಸಾಧ್ಯವಾಯಿತೋ? ಛೇದ ಬರೆದ ಕೂಡಲೇ ಎಲ್ಲ ಬಗೆಹರಿಯುವುದಿಲ್ಲ.

ಈಗ ಹುಡುಗನ ಅರ್ಧ ಗೋಲಿಗೆ ಬರೋಣ. ರೀಪ್ ಹತ್ತು ಹೊಡೆತಕ್ಕೊಂದು ಗೋಲು ಎಂದನಲ್ಲ. ಆದರೆ ಹತ್ತೂ ಹೊಡೆತ ಒಂದೇ ಅಲ್ಲ. ಗೋಲಿನ ಬಾಯಿಯಿಂದ ತಳ್ಳಿದ್ದಕ್ಕೂ ಮೂವತ್ತು ಗಜ ದೂರದಿಂದ ಬೀಸಿದ್ದಕ್ಕೂ ಅಜಗಜಾಂತರ. ಹಿಂದೆ ಹೊಡೆದ ಸಾವಿರಾರು ಹೊಡೆತಗಳನ್ನು ದೂರ, ಕೋನ, ಕಾಲಿನದ್ದೋ ತಲೆಯದ್ದೋ ಎಂದು ವಿಂಗಡಿಸಿ, ಇಂಥ ಜಾಗದಿಂದ ಇಂಥ ಹೊಡೆತ ನೂರರಲ್ಲಿ ಎಷ್ಟು ಸಲ ಗೋಲಾಗಿದೆ ಎಂದು ನೋಡುತ್ತಾರೆ. ಪೆನಾಲ್ಟಿ ನೂರರಲ್ಲಿ 75ರಿಂದ 80 ಸಲ ಒಳಗೆ ಹೋಗುತ್ತದೆ. ಹಾಗಾಗಿ ಒಂದು ಪೆನಾಲ್ಟಿಯ ಬೆಲೆ ಮುಕ್ಕಾಲು ಗೋಲಿಗೆ ತುಸು ಹೆಚ್ಚು, ಒಳಗೆ ಹೋಗಲಿ, ಹೋಗದಿರಲಿ. ಪಂದ್ಯದ ಎಲ್ಲ ಹೊಡೆತಗಳ ಬೆಲೆಯನ್ನು ಕೂಡಿಸಿದರೆ ನಿರೀಕ್ಷಿತ ಗೋಲು, ಎಕ್ಸ್‌ಪೆಕ್ಟೆಡ್ ಗೋಲ್ಸ್, ಅದೇ ಎಕ್ಸ್‌ಜಿ. ಕೊಲೊ ಮುವಾನಿಯ ಹೊಡೆತ ಗೋಲಿನ ಪಟ್ಟಿಯಲ್ಲಿ ಸೊನ್ನೆ. ಎಕ್ಸ್‌ಜಿ ಲೆಕ್ಕದಲ್ಲಿ ಅದು ಸೊನ್ನೆಯಲ್ಲ. ಕಳೆದುಕೊಂಡದ್ದನ್ನು ಎಲ್ಲಿ ಬರೆದಿದ್ದೀರಿ ಎಂದು ಏಟ್ಟ ಕೇಳಿದರಲ್ಲ, ಇಲ್ಲಿ ಬರೆದಿದ್ದಾರೆ. ಆದರೂ ಗೋಲಿನ ಎದುರು ಅಡ್ಡ ಹಾದುಹೋಗಿ ಯಾರ ಕಾಲಿಗೂ ಸಿಗದ ಚೆಂಡು ಈ ಲೆಕ್ಕಕ್ಕೂ ಬರುವುದಿಲ್ಲ, ಅದು ಹೊಡೆತವೇ ಅಲ್ಲವಲ್ಲ.

ಈ ಲೆಕ್ಕ ಒಬ್ಬರ ತಲೆಯಿಂದ ಒಂದೇ ದಿನ ಹುಟ್ಟಿದ್ದಲ್ಲ. 1996ರಲ್ಲಿ ಆಪ್ಟಾ ಎಂಬ ಸಂಸ್ಥೆ ಇಂಗ್ಲೆಂಡಿನ ಲೀಗ್ ಪಂದ್ಯಗಳ ಅಂಕಿಅಂಶ ಸಂಗ್ರಹಕ್ಕೆ ತೊಡಗಿತು. 2012ರಲ್ಲಿ ಅಲ್ಲಿನ ಸ್ಯಾಮ್ ಗ್ರೀನ್ ಬರೆದ ಬರಹದಿಂದ ಎಕ್ಸ್‌ಜಿ ಪ್ರಚಾರಕ್ಕೆ ಬಂತು, 2017ರಲ್ಲಿ ಬಿಬಿಸಿಯ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡಿತು. ಆದರೆ ನನಗೆ ಹೆಚ್ಚು ಹಿಡಿಸಿದ ಸಂಗತಿ 1997ರದ್ದು. ಆ ವರ್ಷ ರಿಚರ್ಡ್ ಪೊಲಾರ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ, ಪ್ರತಿಯೊಂದು ಸರಣಿಗೂ ಗೋಲಿನ ಸಂಭವದ ಬೆಲೆ ಕಟ್ಟುವ ಒಂದು ಪ್ರಬಂಧ ಪ್ರಕಟಿಸಿದ. 1986ರ ವಿಶ್ವಕಪ್ಪಿನ ಪಂದ್ಯಗಳ ದಾಖಲೆಯನ್ನು ಬಳಸಿ, ಯಾವ ಜಾಗದಿಂದ ಹೊಡೆದದ್ದು ಎಷ್ಟರ ಮಟ್ಟಿಗೆ ಗೋಲಾಗುತ್ತದೆ ಎಂದು ಅಳೆದಿದ್ದ. ಪ್ರಬಂಧದಲ್ಲಿ ಎರಡನೆಯ ಲೇಖಕನ ಹೆಸರು ಚಾರ್ಲ್ಸ್ ರೀಪ್. ತೊಂಬತ್ತು ದಾಟಿದ ಮುದುಕನ ಹೆಸರಿನಲ್ಲೇ ಛೇದ ಬಂದು ಸೇರಿತು. ರೀಪ್ 2002ರಲ್ಲಿ, 97ನೆಯ ವಯಸ್ಸಿನಲ್ಲಿ, ತೀರಿಕೊಂಡ.

1951ರಲ್ಲಿ ಅವನ ಮಾತನ್ನು ಮೊದಲು ಕೇಳಿದ ಬ್ರೆಂಟ್‌ಫರ್ಡ್ ತಂಡ 2012ರಲ್ಲಿ ಮ್ಯಾಥ್ಯೂ ಬೆನ್‌ಹ್ಯಾಮ್ ಎಂಬವನ ಕೈಗೆ ಬಂತು. ಭೌತಶಾಸ್ತ್ರ ಓದಿದವನು, ಅಂಕಿಅಂಶದಿಂದ ಪಂದ್ಯಗಳ ಸಂಭವ ಲೆಕ್ಕ ಹಾಕಿಯೇ ಹಣ ಮಾಡಿದವನು. ಆಗ ತಂಡ ಮೂರನೆಯ ದರ್ಜೆಯಲ್ಲಿತ್ತು. ಗೋಲಿನ ಪಟ್ಟಿ ನೋಡದೆ, ಯಾರಿಗೆ ಒಳ್ಳೆಯ ಜಾಗದಿಂದ ಹೊಡೆಯುವ ಅವಕಾಶ ಮತ್ತೆ ಮತ್ತೆ ಸಿಗುತ್ತದೆ ಎಂದು ನೋಡಿ ಅಗ್ಗದಲ್ಲಿ ಆಟಗಾರರನ್ನು ಆರಿಸಿದರು. 2021ರ ಮೇ 29ರಂದು ಸ್ವಾನ್ಸಿಯನ್ನು 2-0 ಸೋಲಿಸಿ ಬ್ರೆಂಟ್‌ಫರ್ಡ್ 74 ವರ್ಷಗಳ ಬಳಿಕ ಅತ್ಯುನ್ನತ ದರ್ಜೆಗೆ ಏರಿತು. ಅಲ್ಲಿಗೆ ಹೋದ ಮೇಲೂ ಬೇಕಾದಾಗ ಎತ್ತಿ ಹೊಡೆಯುವುದಕ್ಕೆ, ಉದ್ದನೆಯ ಥ್ರೋ ಎಸೆಯುವುದಕ್ಕೆ ನಾಚಲಿಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಮರುವಾರ ಹೇಳಿದೆ. ಪೂರ್ತಿ ಕೇಳಿದನೆಂದು ಹೇಳಲಾರೆ. ಎರಡು ತಿಂಗಳು ಕಳೆದು ಸೆವೆನ್ಸ್ ಪಂದ್ಯಾಟಕ್ಕೆ ಹೋದಾಗ ನೋಡುತ್ತೇನೆ, ಗದ್ದೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನೂ ಅವನ ಮಲಯಾಳ ವಿಭಾಗದ ಗೆಳೆಯನೂ ನೋಟ್ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದರು. ಒಬ್ಬ ಹೇಳುವುದು, ಇನ್ನೊಬ್ಬ ಬರೆಯುವುದು. ಎರಡು ಕಾಲಂ ಗೆರೆ ಎಳೆದಿದ್ದರು. ಎಡಗಡೆಯದರ ಮೇಲೆ ಗೋಲು ಎಂದು ಕನ್ನಡದಲ್ಲಿ ಬರೆದಿತ್ತು, ಬಲಗಡೆಯದರ ಮೇಲೆ ಮಲಯಾಳದಲ್ಲಿ ಏನೋ ಬರೆದಿತ್ತು. ಕನ್ನಡಕ ತಂದಿರಲಿಲ್ಲ, ಓದಲಾಗಲಿಲ್ಲ. ಎಡಗಡೆ ಒಂದೂ ಗುರುತಿರಲಿಲ್ಲ. ಬಲಗಡೆ ಪುಟ ತುಂಬಿ ಮಗುಚುತ್ತಿದ್ದರು.